ಹಿಂದಕ್ಕೆಳೆಯುವವನು

ಎಂಟಕ್ಕೆ ಮೊದಲ ಶೀಶೆ.
ಮಂಡಕ್ಕಿ ಭಟ್ಟಿಯ ಬುಡೇನ್ ಸಾಬ್ ತೋಳು ಚಾಚುತ್ತಾನೆ,
ಮೊಣಕೈವರೆಗೂ ಕಾದ ಮರಳು ಸಿಡಿದ ಚುಕ್ಕೆ.
ನರ ಸಿಗುವುದು ಕಷ್ಟ. ಸಿಕ್ಕಿತು.
"ಹಾಲಮ್ಮ ಮೇಡಂ, ನಿಮ್ಮ ಕೈ ಹಗುರ ಐತಿ" ಅಂದ.
ಎಲ್ಲರಿಗೂ ಹಾಗೇ ಅನ್ನುತ್ತಾನೆ, ಆಯಾಗೂ, ಸೂಜಿಗೂ.

ಚೀಲದ ಅಟ್ಟದಿಂದ ಬಿದ್ದು ಸೊಂಟ ಮುರಿದದ್ದು,
ನೋವಿಗೆಂದು ಒಂದು ಗುಳಿಗೆ, ನಿದ್ದೆಗೆಂದು ಎರಡು,
ಆಮೇಲೆ ಯಾವುದಕ್ಕೂ ಅಲ್ಲದೆ ಎಂಟು, ಹತ್ತು,
ಕೇಸ್‌ಶೀಟಿನಲ್ಲಿದೆ ಎಲ್ಲ, ಕೋಳಿ ಕೆದಕಿದ ಅಕ್ಷರದಲ್ಲಿ.
ಬಿಟ್ಟು ಇವತ್ತಿಗೆ ಹದಿನಾರು ದಿನ.
ಇನ್ನು ಇದು: ನಾಲ್ಟ್ರೆಕ್ಸೋನ್, ಹಳದಿ, ಒಂದೇ ಒಂದು.
ನುಂಗಿ, ಕೇಳುವ ಮೊದಲೇ ನಾಲಿಗೆ ತೋರಿಸಿದ.

ನನಗೆ ಗೊತ್ತಿರುವುದಿಷ್ಟು:
ಮಿದುಳು ತಾನೇ ತೊಟ್ಟು ತೊಟ್ಟು ಅಫೀಮು ಬಸಿಯುತ್ತದೆ,
ಯಾವ ಪೊಲೀಸರ ಕೈಗೂ ಸಿಗದಷ್ಟು.
ಅದು ಕೂರುವ ಜಾಗಕ್ಕೆ ಈ ಗುಳಿಗೆ ಮೊದಲೇ ಹೋಗಿ ಬೀಳುತ್ತದೆ,
ಹರಿಹರದ ಬಸ್ಸಿಗೆ ಕಿಟಕಿಯಿಂದ ಎಸೆದ ಟವಲಿನಂತೆ.
ಆಮೇಲೆ ಯಾರು ಬಂದರೂ ನಿಂತೇ ಇರಬೇಕು.

"ಆಗ ಏನಾಗ್ತೈತಿ?" ಅಂದ.
ಅವನ ಭಟ್ಟಿಯನ್ನೇ ಸಾಲ ತೆಗೆದುಕೊಂಡೆ:
ಉರಿ ಜಾಸ್ತಿಯಾದಾಗ ಕೊಳ್ಳಿ ಹಿಂದಕ್ಕೆಳೆಯೋನು
ಒಬ್ಬ ಇರ್ತಾನಲ್ಲ ನಿಮ್ಮಲ್ಲಿ?
"ಇರ್ತಾನ. ಇಲ್ದಿದ್ರ ಅಕ್ಕಿ ಅರಳೋದಿಲ್ಲ, ಕರ್ರಗಾಗ್ತೈತಿ."
ನಿಮ್ಮೊಳಗೂ ಒಬ್ಬ ಇದ್ದಾನೆ.
ಇವತ್ತು ಅವನ ಕೈ ಕಟ್ಟಿ ಕೂರಿಸಿದ್ದೀವಿ.
ಉರಿ ಎಲ್ಲೀತನಕ ಏರ್ತದೆ ಅಂತ ನೋಡೋದಕ್ಕೆ ಈ ರಕ್ತ.
ಬಹಳ ಹೊತ್ತು ಛಾವಣಿ ನೋಡಿದ.
"ಪಾಪ, ಯಾರವನು?" ಅಂದ.

ಒಂಬತ್ತು. ಹತ್ತು.
ಹೊರಗೆ ರೈಲ್ವೆ ಗೇಟು ಬಿದ್ದು ರಸ್ತೆ ಪೂರ ಹಾರನ್ನು.
ಒಳಗೆ ಫ್ಯಾನು, ಒಂದು ಕುರ್ಚಿ, ಅವನು.
ಯಾರೂ ಬೈಯಲಿಲ್ಲ, ಯಾರೂ ಕೆಟ್ಟ ಸುದ್ದಿ ತರಲಿಲ್ಲ,
ಕಾಲಡಿಗೆ ಹಾವು ಹರಿಯಲಿಲ್ಲ.
ಹತ್ತೂವರೆಗೆ ಕಾಲ್ಬೆರಳು ಕುಣಿಯತೊಡಗಿತು.
ಹನ್ನೊಂದಕ್ಕೆ ಸೂಜಿ ಹಿಡಿದು ಹತ್ತಿರ ಹೋದರೆ
ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು
ಮೊಸಾಯಿಕ್ ನೆಲವನ್ನು ಬಾವಿಯಂತೆ ಬಗ್ಗಿ ನೋಡುತ್ತಿದ್ದ.

"ನಾಲ್ಕು ವರ್ಷದ ಹಿಂದ ಬಿದ್ದೆ ಮೇಡಂ.
ಹೆದರಿಕಿ ಇವತ್ತು ಬಂತು."

ಶೀಶೆ ತುಂಬಿತು. ಹತ್ತಿ ಒತ್ತಿ ಹಿಡಿಯಲು ಹೇಳಿದೆ.
ಚಹಾ ತರಿಸಿಕೊಟ್ಟೆ; ಸಪ್ಪೆ ಅಂದ.
ಎರಡು ಚಮಚ ಸಕ್ಕರೆ ನಾನೇ ಹಾಕಿದ್ದೆ.

ಮಧ್ಯಾಹ್ನ ಯಂತ್ರ ಚೀಟಿ ಉಗುಳಿತು.
ಕಾರ್ಟಿಸಾಲ್:
ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ತಮೂರು.
ಬಿಸಿಲು ಏರಿದಂತೆ ಇಳಿಯಬೇಕಾದ ಲೆಕ್ಕ,
ಬೆಳಿಗ್ಗೆ ಎಬ್ಬಿಸಿ ಕಳಿಸಿ ತಾನು ಮಲಗುವ ರಸ,
ಇವನಲ್ಲಿ ಮೆಟ್ಟಿಲು ಹತ್ತುತ್ತಲೇ ಇತ್ತು.
ಡಾಕ್ಟರು ಕನ್ನಡಕ ಏರಿಸಿ ನೋಡಿ ಟಿಕ್ ಹಾಕಿದರು: ಸರಿಯಾಗಿದೆ.
ಸರಿಯೇ. ಒಲೆ ಸತ್ತಿಲ್ಲ ಎಂದಾಯಿತಲ್ಲ.
ಕೆಳಗೆ "ಇತರೆ" ಎಂಬ ಕಾಲಮ್ಮು ಖಾಲಿ ಇತ್ತು.
ಪೆನ್ನು ಹಿಡಿದು ಕೂತೆ, ಏನೂ ಬರೆಯಲಿಲ್ಲ.

ಸಂಜೆ ಬೀಗ ಹಾಕಿ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡಾಗ
ಹಿಂದಿನವನು ಹಾರನ್ನು ಬಾರಿಸಿದ, ಪಕ್ಕದವಳು ತಾಗಿದಳು,
ಮನೆಯಿಂದ ಏಳನೇ ಸಲ ಫೋನು ಬಂತು.
ನಾನು ಸುಮ್ಮನಿದ್ದೆ.
ಸುಮ್ಮನಿರುವುದು ನನ್ನ ಗುಣ ಎಂದುಕೊಂಡಿದ್ದೆ ಇಷ್ಟು ವರ್ಷ.
ಯಾರದೋ ಪಾಳಿ ಇರಬೇಕು ಅದು,
ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ರಜೆ ಇಲ್ಲದೆ, ಪಗಾರ ಇಲ್ಲದೆ,
ಒಂದೊಂದೇ ಕೊಳ್ಳಿ ಹಿಂದಕ್ಕೆ, ಹಿಂದಕ್ಕೆ.
ರೈಲು ಬಂತು, ಹೋಯಿತು.

ಮರುದಿನ ಎಂಟಕ್ಕೆ ಬುಡೇನ್ ಸಾಬ್.
"ಕೈ ಬಿಚ್ಚಿದ್ರೇನ್ರಿ ಅವನಿಗೆ?"
ಇಲ್ಲ, ಇನ್ನೂ ಆರು ತಿಂಗಳು ಅಂದೆ.
ಲುಂಗಿಯ ಮಡಿಲಿಂದ ಪೇಪರ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.
ಮಂಡಕ್ಕಿ. ಇನ್ನೂ ಬೆಚ್ಚಗಿತ್ತು.
ನನಗಾ? ಅಂದೆ.
"ಅವನಿಗೆ" ಅಂದ, ತೋಳು ಚಾಚಿದ.